ಒಂದು ಮಗುವಿಗೆ ಒಂದೇ ಡೈರಿ: ಒರೆಗಾನ್ ಟ್ರೇಲ್ ಕಲಿಸಿದ ನನ್ನ ಅನುಭವ

ಹೋದ ಮೇ ತಿಂಗಳ ಒಂದು ಶನಿವಾರ ಅಮೆರಿಕದ ಒರೆಗಾನ್ ರಾಜ್ಯದ ಹಿಲ್ಸ್‌ಬರೊದ ನಮ್ಮ ಮನೆಯ ಗ್ಯಾರೇಜಿನಲ್ಲಿ ಒಂಬತ್ತು ಮಕ್ಕಳು ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತು ಮಾತಾಡಿದರು. ಯಾರ ಕೈಯಲ್ಲೂ ಚೀಟಿ ಇರಲಿಲ್ಲ. "ನಮ್ಮ ಅಮೀಲಿಯಾ", "ನಮ್ಮ ಕ್ಯಾಥರೀನ್" ಅಂತ 170 ವರ್ಷದ ಹಿಂದೆ ಎತ್ತಿನ ಗಾಡಿಯಲ್ಲಿ ಇಲ್ಲಿಗೆ ವಲಸೆ ಬಂದವರನ್ನು ಪಕ್ಕದ ಮನೆಯವರ ಹಾಗೆ ಹೇಳುತ್ತಿದ್ದರು. ಎರಡು ವರ್ಷದ ಹಿಂದೆ "ಮಕ್ಕಳ ಕೈಗೆ ಇಂಟರ್‌ನೆಟ್ ಕೊಟ್ಟರೆ ವಿಡಿಯೋ ನೋಡ್ತಾರೆ ಅಷ್ಟೇ ಮೇಡಂ, ಸುಮ್ನೆ ಟೈಮ್ ವೇಸ್ಟ್" ಅಂದಿದ್ದ ಒಬ್ಬ ತಂದೆ ಹಿಂದಿನ ಸಾಲಿನಲ್ಲಿ ಕೊನೆಯವರೆಗೂ ಕೂತು ಕೇಳಿದರು. ಹೋಗುವಾಗ ತಮ್ಮ ಚಿಕ್ಕ ಮಗಳ ಹೆಸರನ್ನೂ ಬರೆಸಿ ಹೋದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಊರಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದವಳು. ಇಲ್ಲಿ ವಾರಾಂತ್ಯದಲ್ಲಿ ನಮ್ಮ ಕನ್ನಡದ ಮನೆಗಳ ಮಕ್ಕಳಿಗೆ ಚರಿತ್ರೆ ಹೇಳಿಕೊಡುತ್ತೇನೆ. ವಯಸ್ಸು ಒಂಬತ್ತರಿಂದ ಹನ್ನೆರಡು. ವಾರಾಂತ್ಯದ ಶಾಲೆ ನಡೆಸುವವರಿಗೆ ಉಳಿದದ್ದು ಗೊತ್ತೇ ಇದೆ, ಅದನ್ನು ಬಿಡುತ್ತೇನೆ. ಒರೆಗಾನ್ ಟ್ರೇಲ್ ಅಂದರೆ 1840, 50ರ ದಶಕಗಳಲ್ಲಿ ಜನ ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ವಲಸೆ ಬಂದ ದಾರಿ. ಈ ವಿಷಯವೇ ಯಾಕೆ ಅಂದರೆ, ಮಿಸೌರಿಯ ಇಂಡಿಪೆಂಡೆನ್ಸ್‌ನಿಂದ ಹೊರಟ ಎತ್ತಿನ ಗಾಡಿಗಳು ಬಂದು ನಿಂತ ಒರೆಗಾನ್ ಸಿಟಿ ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದಾರಿ. ನಮ್ಮ ಮಕ್ಕಳು ಆಡುವ ಮೈದಾನ ಇರುವುದೂ ಆ ಜನ ಬಂದು ಹಿಡಿದ ಕಣಿವೆಯಲ್ಲೇ.

ಮೊದಲ ವರ್ಷ 14 ಮಕ್ಕಳು ಸೇರಿದ್ದರು. "ಪಶ್ಚಿಮಕ್ಕೆ ಹೋದ ವಲಸಿಗರ ಬಗ್ಗೆ ಹುಡುಕಿ, ಬರೆದುಕೊಂಡು ಬನ್ನಿ" ಅಂದೆ. ಮುಂದಿನ ವಾರ ನಾಲ್ಕು ಮಕ್ಕಳು ಒಂದೇ ಪ್ಯಾರಾ ತಂದರು, ಕಾಗುಣಿತದ ತಪ್ಪು ಕೂಡ ಒಂದೇ. ಚಿತ್ರಗಳು ಇನ್ನೂ ಕಷ್ಟ. ಸೂರ್ಯ ಮುಳುಗುವಾಗ ಸಾಲಾಗಿ ಹೋಗುವ ಬಿಳಿ ಕಮಾನಿನ ಗಾಡಿಗಳು! ಎಲ್ಲವೂ ಎಷ್ಟೋ ವರ್ಷದ ಮೇಲೆ ಶೂಟಿಂಗಿಗೋ ಮೆರವಣಿಗೆಗೋ ಕಟ್ಟಿದವು. ಆ ದಾರಿಯಲ್ಲಿ ಹೋದವರ ಆ ಕಾಲದ ಫೋಟೋ ಸಿಗುವುದೇ ಅಪರೂಪ. ಒಬ್ಬ ಹುಡುಗ ದೋಣಿ ಆಕಾರದ ದೊಡ್ಡ ಗಾಡಿಯ ಚಿತ್ರ ತಂದಿದ್ದ. ಅದು ಪೆನ್ಸಿಲ್ವೇನಿಯಾ ಕಡೆ ಸರಕು ಸಾಗಿಸುತ್ತಿದ್ದ ಗಾಡಿ. ಅಷ್ಟು ಭಾರದ್ದನ್ನು ಈ ದಾರಿಯಲ್ಲಿ ಎಳೆಸಿದರೆ ಎತ್ತುಗಳು ಸಾಯುತ್ತವೆ. ಇಲ್ಲಿಗೆ ಬಂದ ಸಂಸಾರಗಳು ತಂದದ್ದು ಹೆಚ್ಚಾಗಿ ಹೊಲದ ಗಾಡಿಗೆ ಕಮಾನು ಕಟ್ಟಿ ಬಟ್ಟೆ ಹೊದೆಸಿದ್ದು.

ಅದೇ ವರ್ಷ ಹಳೆಯ ದಾಖಲೆ ಸಿಗುತ್ತೆ ಅಂತ ಒಂದು ವೆಬ್‌ಸೈಟಿಗೆ ಆರು ತಿಂಗಳ ಚಂದಾ ಕಟ್ಟಿದೆ. 150 ಡಾಲರ್ ಆಸುಪಾಸು. ಮಕ್ಕಳು ಅದರಲ್ಲಿ ತಮ್ಮ ಫ್ರೆಂಡ್ಸ್ ಅಡ್ಡಹೆಸರು ಹುಡುಕಿದರು, ಅಷ್ಟೇ. ಪ್ರಿಂಟರ್ ಇಂಕಿಗೆ 80 ಹೋಯಿತು. ಎರಡನೇ ವರ್ಷ ಇನ್ನೊಂದು ದಾರಿ ಹಿಡಿದೆ. ಒಳ್ಳೆಯ ಸೈಟು ಹನ್ನೆರಡು ಆರಿಸಿ ಕಾರ್ಡು ಮಾಡಿ ಲ್ಯಾಮಿನೇಟ್ ಮಾಡಿಸಿದೆ. ಪ್ರತಿ ಕಾರ್ಡಿಗೆ ಐದು ಪ್ರಶ್ನೆ. ಉತ್ತರಗಳೇನೋ ಸರಿಯಾಗಿ ಬಂದವು, ಮಕ್ಕಳೇ ಬರಲಿಲ್ಲ. 11 ಜನ ಶುರು ಮಾಡಿ ಕ್ರಿಸ್‌ಮಸ್ ಹೊತ್ತಿಗೆ ಆರಕ್ಕೆ ಇಳಿದರು. ಎರಡು ವರ್ಷಕ್ಕೆ ಸೇರಿ ಹೆಚ್ಚುಕಡಿಮೆ 400 ಡಾಲರ್ ಖರ್ಚು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ದಾರಿ ತೋರಿಸಿದ್ದು ಒಬ್ಬ ಅಜ್ಜ.

ಆರು ತಿಂಗಳಿಗೆ ಅಂತ ಮಗಳ ಮನೆಗೆ ಬಂದಿದ್ದರು, ಹಾಸನದ ಕಡೆಯವರು, ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಮೊಮ್ಮಗಳನ್ನು ಬಿಡಲು ಬಂದು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅವತ್ತು ನಾನು 1850ರ ಸುಮಾರಿನ ಒಂದು ಡೈರಿಯ ಕೈಬರಹದ ಪುಟವನ್ನು ಲ್ಯಾಪ್‌ಟಾಪಿನಲ್ಲಿ ತೆರೆದಿದ್ದೆ. ಇಲ್ಲಿನ ಮಕ್ಕಳಿಗೆ ಕೂಡುಬರಹ ಓದೋಕೆ ಬರಲ್ಲ. "ಇದು ಇಂಗ್ಲಿಷೇ ಅಲ್ಲ ಆಂಟಿ" ಅಂದಳು ಮೊಮ್ಮಗಳು. ಅಜ್ಜ ಎದ್ದು ಬಂದರು. ಕನ್ನಡಕ ಹಣೆಯಿಂದ ಕೆಳಗೆ ಇಳಿಸಿದರು. ನಾಲ್ಕು ಗೆರೆ ಪುಸ್ತಕದಲ್ಲಿ ಕಾಪಿ ರೈಟಿಂಗ್ ಬರೆದ ಕಾಲದವರು, ಮೇಲಾಗಿ ಮೂವತ್ತು ವರ್ಷ ಜನರ ವಿಳಾಸ ಓದಿದವರು. ಗಡಗಡ ಅಂತ ಓದಿಬಿಟ್ಟರು. ಒಂದೇ ಒಂದು ಪದದ ಹತ್ತಿರ ನಿಂತರು. ಅದು "ಗ್ರಾಫ್ಸ್" ಅಂತ ಕಾಣುತ್ತಿತ್ತು. ಮಕ್ಕಳೂ ಹಾಗೇ ಓದಿದರು. ಅಜ್ಜ ಪರದೆಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಏನಮ್ಮಾ, ಇವರ ಗಾಡಿ ಎಳೆಯೋದು ಎತ್ತು ತಾನೇ?"

"ಹೌದು ಅಜ್ಜ."

"ಹಾಗಾದ್ರೆ ಇದು ಗ್ರಾಸು. ಹುಲ್ಲು. ಎತ್ತು ಕಟ್ಟಿಕೊಂಡು ಹೊರಟವನು ಸಂಜೆ ಇನ್ನೇನು ಬರೀತಾನೆ? ಹುಲ್ಲು ಇತ್ತಾ, ನೀರು ಇತ್ತಾ ಅಂತ ತಾನೇ."

ಅವರು ಹೇಳಿದ್ದೇ ಸರಿ. ಆಗಿನವರು ಎಸ್ ಅಕ್ಷರ ಜೋಡಿಯಾಗಿ ಬಂದರೆ ಮೊದಲನೆಯದನ್ನು ಎಫ್ ಥರ ಉದ್ದಕ್ಕೆ ಎಳೆಯುತ್ತಿದ್ದರು. ಆದರೆ ಅಜ್ಜನಿಗೆ ಗೊತ್ತಾದದ್ದು ಅಕ್ಷರದಿಂದಲ್ಲ, ಎತ್ತಿನಿಂದ. ಅವತ್ತು ಮಕ್ಕಳು ಒಂದೂವರೆ ಗಂಟೆ ಆ ಒಂದು ಪುಟ ಬಿಟ್ಟು ಏಳಲಿಲ್ಲ. ಹನ್ನೆರಡು ಸೈಟು ತೋರಿಸಿ ಎರಡು ವರ್ಷದಲ್ಲಿ ಆಗದ್ದು ಒಂದು ಪುಟದಲ್ಲಿ ಆಯಿತು. ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ.

ಮೂರನೇ ವರ್ಷ ಎಲ್ಲ ಬದಲಾಯಿಸಿದೆ. ಒಂದು ಮಗುವಿಗೆ ಒಬ್ಬರೇ ಮನುಷ್ಯರು. ಸೆಪ್ಟೆಂಬರಿನಿಂದ ಮೇವರೆಗೆ ಅವರ ಹಿಂದೆಯೇ ನಡೆಯಬೇಕು. ಇಡೀ ಡೈರಿ ಬೇಡ, ವಾರಕ್ಕೆ ನಾಲ್ಕೈದು ದಿನದ ಬರಹ ಸಾಕು. ಓದಿದ ಮೇಲೆ ನೋಟ್‌ಬುಕ್ಕಿನಲ್ಲಿ ಮೂರೇ ಕಾಲಂ: ಯಾವ ದಿನ, ಎಲ್ಲಿದ್ದರು, ಅವತ್ತು ಏನು ಕೈಕೊಟ್ಟಿತು. ಮೂರನೇ ಕಾಲಂ ಮುಖ್ಯ. "ಏನಾಯಿತು" ಅಂತ ಕೇಳಿದರೆ ಕಾಪಿ ಮಾಡುತ್ತಾರೆ. "ಏನು ಕೈಕೊಟ್ಟಿತು" ಅಂದರೆ ಓದಲೇಬೇಕು. ಅಚ್ಚು ಮುರಿಯಿತಾ, ಮಳೆ ಬಂತಾ, ಎತ್ತು ಕಳೆಯಿತಾ.

ಅದಾದ ಮೇಲೆ ಹುಡುಕಾಟ. ಇಂಟರ್‌ನೆಟ್ ಇಲ್ಲಿಗೆ ಬರುತ್ತದೆ, ಮೊದಲಲ್ಲ. ಮಗುವಿನ ಕೈಯಲ್ಲಿ ಒಂದು ತಾರೀಕು, ಒಂದು ಜಾಗದ ಹೆಸರು ಇದ್ದರೆ ಹುಡುಕಿದ್ದು ಸಿಗುತ್ತದೆ. ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಚಾರ್ಲ್ಸ್ ಪ್ರ್ಯೂಸ್ 1846ರಲ್ಲಿ ಮಾಡಿದ ಏಳು ಹಾಳೆಯ ನಕ್ಷೆ ಇದೆ. ಎಲ್ಲಿ ಹುಲ್ಲು, ಎಲ್ಲಿ ನೀರು, ಎಲ್ಲಿ ಉರುವಲು ಅಂತ ನಕ್ಷೆಯ ಮೇಲೇ ಬರೆದಿದೆ. ಆ ಹಾಳೆಯನ್ನು ಒಂದು ಕಡೆ, ಗೂಗಲ್ ಅರ್ಥ್ ಇನ್ನೊಂದು ಕಡೆ ಇಡಿಸಿದೆ. ಪ್ಲಾಟ್ ನದಿ, ಚಿಮ್ನಿ ರಾಕ್, ಫೋರ್ಟ್ ಲಾರಮಿ, ಇಂಡಿಪೆಂಡೆನ್ಸ್ ರಾಕ್, ಸೌತ್ ಪಾಸ್. ಮಕ್ಕಳು ಬೆರಳಲ್ಲೇ ನಡೆದರು. ವಯೋಮಿಂಗ್‌ನ ಗರ್ನ್ಸಿ ಹತ್ತಿರ ಮೆದು ಕಲ್ಲಿನಲ್ಲಿ ಚಕ್ರಗಳು ಕೊರೆದ ಜಾಡು ಕೆಲವು ಕಡೆ ಐದು ಅಡಿ ಆಳ ಇದೆ. ಅದರ ಚಿತ್ರ ನೋಡಿ ಒಬ್ಬ ಹುಡುಗ ಎದ್ದು ನಿಂತು ತನ್ನ ಎದೆಗೆ ಕೈಯಿಟ್ಟು ಅಳೆದುಕೊಂಡ.

ದುಡ್ಡು ಕೊಟ್ಟು ತಗೊಳ್ಳಬೇಕಾದ್ದು ಏನೂ ಇಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ 1846ರಿಂದ 1869ರವರೆಗಿನ ಡೈರಿ, ಪತ್ರಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದೆ. ಪಕ್ಕದಲ್ಲೇ ಟೈಪ್ ಮಾಡಿದ್ದೂ ಇದೆ. ನಾನು ಮಾತ್ರ ಟೈಪ್ ಮಾಡಿದ್ದನ್ನು ಮೊದಲು ತೋರಿಸಲ್ಲ.

ಎಲ್ಲಕ್ಕಿಂತ ಮೊದಲು ಕಲಿಸಿದ್ದು ಒಂದು ಪ್ರಶ್ನೆ: ಇದನ್ನು ಅವತ್ತೇ ಬರೆದರಾ, ಆಮೇಲೆ ಬರೆದರಾ? ಅಮೀಲಿಯಾ ಸ್ಟುವರ್ಟ್ ನೈಟ್ 1853ರಲ್ಲಿ ಅಯೋವಾದಿಂದ ಹೊರಟವಳು, ದಾರಿಯಲ್ಲೇ ಬರೆದಳು. ಜೆಸ್ಸಿ ಆಪಲ್‌ಗೇಟ್ 1843ರ ಪ್ರಯಾಣದ ಬಗ್ಗೆ ಬರೆದದ್ದು ಮೂವತ್ತು ವರ್ಷ ದಾಟಿದ ಮೇಲೆ. ಕ್ಯಾಥರೀನ್ ಸೇಗರ್ 1844ರಲ್ಲಿ ಪುಟ್ಟ ಹುಡುಗಿ, ಬರೆದಾಗ ಮಕ್ಕಳ ತಾಯಿ. ಓಡುವ ಗಾಡಿಯಿಂದ ಹಾರುವಾಗ ಕ್ಯಾಥರೀನಳ ಲಂಗ ಕೊಡಲಿಯ ಹಿಡಿಗೆ ಸಿಕ್ಕಿಕೊಂಡಿತು, ಚಕ್ರ ಕಾಲಿನ ಮೇಲೆ ಹರಿಯಿತು. ಅಪ್ಪ ದಾರಿಯಲ್ಲಿ ಸತ್ತ, ಸ್ವಲ್ಪ ದಿನದಲ್ಲೇ ಅಮ್ಮನೂ ಹೋದಳು. ಏಳು ಮಕ್ಕಳು ಉಳಿದರು. ಹಿರಿಯ ಹುಡುಗನೇ ತಮ್ಮ ತಂಗಿಯರನ್ನು ಒಬ್ಬನೇ ಬೆಟ್ಟ ದಾಟಿಸಿದ ಅನ್ನುವ ಕಥೆ ಬೇಕಾದಷ್ಟು ಕಡೆ ಓಡಾಡುತ್ತದೆ. ಕ್ಯಾಥರೀನ್ ಬರೆದದ್ದನ್ನೇ ಓದಿದ ನಮ್ಮ ಹುಡುಗಿ ಕೈ ಎತ್ತಿದಳು: "ಸುಳ್ಳು ಆಂಟಿ. ಗುಂಪಿನವರೇ ನೋಡಿಕೊಂಡರು. ಒಬ್ಬ ಜರ್ಮನ್ ಡಾಕ್ಟರ್ ಗಾಡಿ ಹೊಡೆದರು." ಹತ್ತು ವರ್ಷದ ಹುಡುಗಿ! ಅಷ್ಟು ವೆಬ್‌ಸೈಟುಗಳನ್ನು ಒಂದೇ ಮಾತಲ್ಲಿ ತಿದ್ದಿದಳು. ನನಗೆ ಹೆಮ್ಮೆ ಆಗದೆ ಇರುತ್ತಾ?

ಲ್ಯಾನ್ಸ್‌ಫರ್ಡ್ ಹೇಸ್ಟಿಂಗ್ಸ್ 1845ರಲ್ಲಿ ವಲಸಿಗರಿಗೆ ಅಂತ ಬರೆದ ಕೈಪಿಡಿಯೂ ಹೀಗೇ ಉಪಯೋಗಕ್ಕೆ ಬಂತು. ದೊಡ್ಡವರೊಬ್ಬರಿಗೆ 200 ಪೌಂಡ್ ಹಿಟ್ಟು, 150 ಪೌಂಡ್ ಬೇಕನ್ (ಉಪ್ಪು ಹಚ್ಚಿದ ಹಂದಿ ಮಾಂಸ), 20 ಸಕ್ಕರೆ, 10 ಕಾಫಿ, 10 ಉಪ್ಪು ಅಂತ ಅದರಲ್ಲಿ ಲೆಕ್ಕ ಇದೆ. ಒಟ್ಟು 390. ಗ್ಯಾರೇಜಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಅಡಿ ಅಗಲ, ಹತ್ತು ಅಡಿ ಉದ್ದದ ಗಾಡಿ ಬರೆದೆವು. ಗಾಡಿಗೆ 2,000 ಪೌಂಡ್ ಮೀರಬಾರದು ಅಂತ ನಿಯಮ ಹಾಕಿದೆ. ನಾಲ್ಕು ಜನ ದೊಡ್ಡವರ ಊಟವೇ 1,560 ಆಯಿತು. ಉಳಿದ 440ರಲ್ಲಿ ಹಾಸಿಗೆ, ಪಾತ್ರೆ, ನೇಗಿಲು, ಔಷಧಿ. ಮಕ್ಕಳು ಜಗಳಕ್ಕೇ ಬಿದ್ದರು. "ಹಾಗಾದ್ರೆ ನಾವೆಲ್ಲಿ ಕೂರೋದು?" ಅಂತ ಒಬ್ಬಳು ಕೇಳಿದಳು. ಕೂರೋದಿಲ್ಲ ಪುಟ್ಟಾ, ನಡೆಯೋದು ಅಂದೆ. ಸುಮಾರು 2,000 ಮೈಲಿ, ದಿನಕ್ಕೆ 15. ಆಗ ಅವಳೇ ಭಾಗಾಕಾರ ಮಾಡಿದಳು, ನಾನು ಹೇಳಿರಲಿಲ್ಲ.

ಅದೇ ಹೇಸ್ಟಿಂಗ್ಸ್ ಕ್ಯಾಲಿಫೋರ್ನಿಯಾಕ್ಕೆ ಹತ್ತಿರ ಆಗುತ್ತದೆ ಅಂತ ಒಂದು ಅಡ್ಡದಾರಿಯನ್ನೂ ಹೇಳಿದ್ದ. ತಾನು ಆ ದಾರಿಯಲ್ಲಿ ಹೋಗಿ ನೋಡುವ ಮೊದಲೇ ಪುಸ್ತಕದಲ್ಲಿ ಹಾಕಿದ್ದ. 1846ರಲ್ಲಿ ಅದನ್ನು ನಂಬಿ ಹೊರಟ ಡಾನರ್ ಗುಂಪು ಸಿಯೆರಾ ನೆವಾಡ ಬೆಟ್ಟದ ಹಿಮದಲ್ಲಿ ಸಿಕ್ಕಿಬಿದ್ದಿತು. 87 ಜನರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಸತ್ತರು. ಅಲ್ಲಿ ನಡೆದದ್ದನ್ನೆಲ್ಲ ಈ ವಯಸ್ಸಿನವರಿಗೆ ಹೇಳಲಿಲ್ಲ. ಆದರೆ ಅವತ್ತಿನಿಂದ ಯಾವ ಪುಟ ತೆರೆದರೂ "ಇವರು ಹೋಗಿ ನೋಡಿದ್ರಾ?" ಅಂತ ಮಕ್ಕಳೇ ಕೇಳಲು ಶುರು ಮಾಡಿದರು.

ಬೆರಣಿಯ ಕಥೆ ಹೇಳಬೇಕು. ಪ್ಲಾಟ್ ನದಿಯ ಬಯಲಲ್ಲಿ ಮರವೇ ಇಲ್ಲ. ಜನ ಒಣಗಿದ ಕಾಡೆಮ್ಮೆ ಸಗಣಿ ಆರಿಸಿ ಒಲೆ ಹಚ್ಚಿದರು. ಇಲ್ಲಿನ ಶಾಲೆಯಲ್ಲಿ ಇದನ್ನು ಹೇಳಿದರೆ ಮಕ್ಕಳು ಮೂಗು ಮುಚ್ಚುತ್ತಾರೆ. ನಮ್ಮ ಮಕ್ಕಳು ಊರಿಗೆ ಫೋನ್ ಮಾಡಿದರು, "ನಾವೂ ಬೆರಣಿ ತಟ್ಟುತ್ತಿದ್ದೆವಲ್ಲ" ಅಂತ ಮೂರು ಮನೆಯ ಅಜ್ಜಿಯರು ಹೇಳಿದರು. ಸರಿ, ಮಾಡಿಯೇ ನೋಡೋಣ ಅಂತ ಪರಿಚಯದ ಒಂದು ಫಾರ್ಮಿನಿಂದ ಎರಡು ಬಕೆಟ್ ಸಗಣಿ ತಂದೆ. ಮಾರ್ಚಿನಲ್ಲಿ ತಟ್ಟಿದ್ದು ಒಣಗಲೇ ಇಲ್ಲ, ಒರೆಗಾನಿನ ಮಳೆ. ಮೂರು ವಾರದ ಮೇಲೂ ನಡು ಹಸಿ, ಮೇಲೆ ಬೂಸ್ಟು. ಜುಲೈನಲ್ಲಿ ಇನ್ನೊಮ್ಮೆ ತಟ್ಟಿದೆವು. ಹತ್ತು ದಿನದಲ್ಲಿ ಹಗುರವಾಗಿ ಕೈಯಲ್ಲಿ ಟಕ್ ಅಂದವು. ಹಿಂದಿನ ಅಂಗಳದಲ್ಲಿ ಮೂರು ಕಲ್ಲಿಟ್ಟು ಹಚ್ಚಿದೆವು. ಸುಮಾರು ಹದಿನೈದು ಬೆರಣಿಗೆ ಒಂದು ಕುಕ್ಕೆ ರೊಟ್ಟಿ ಬೆಂದವು, ಬೆಂಕಿ ಮೆಲ್ಲಗೆ, ಒಂದೇ ಸಮ. "ಮಳೆ ಬಂದ ದಿನ ಅಮೀಲಿಯಾ ಏನು ಮಾಡಿರ್ತಾಳೆ?" ಅಂದ ಒಬ್ಬ. ಮಾರ್ಚಿನ ಹಸಿ ಬೆರಣಿ ನೋಡಿದ್ದ ಅವನಿಗೆ ಉತ್ತರ ಗೊತ್ತಿತ್ತು.

ಕ್ಯಾನಿನಲ್ಲಿ ಕ್ರೀಮ್ ತುಂಬಿ ಕಾರಿನ ಡಿಕ್ಕಿಗೆ ಕಟ್ಟಿ, ಗಾಡಿಯ ಕುಲುಕಾಟಕ್ಕೆ ಬೆಣ್ಣೆ ಬರುತ್ತಾ ಅಂತಲೂ ನೋಡಿದೆವು. ಹೈವೇಯಲ್ಲಿ ಬರಲಿಲ್ಲ. ಕಾಡಿನ ಜಲ್ಲಿ ರಸ್ತೆಯಲ್ಲಿ ಬಂತು. ಅಷ್ಟು ಸಾಕು.

ಕಷ್ಟದ ಭಾಗ ಮೂಲನಿವಾಸಿಗಳದ್ದು. ಮಕ್ಕಳು ಬರುವಾಗಲೇ ತಲೆಯಲ್ಲಿ ಒಂದು ಚಿತ್ರ ಇಟ್ಟುಕೊಂಡು ಬರುತ್ತಾರೆ, ಗಾಡಿಗಳು ಸುತ್ತುಗಟ್ಟಿ ನಿಂತಿರೋದು, ಬಾಣ ಬರೋದು. ಗಾಡಿ ಸುತ್ತುಗಟ್ಟುತ್ತಿದ್ದದ್ದು ಹೆಚ್ಚಾಗಿ ದನ ಓಡಿಹೋಗದಿರಲಿ ಅಂತ. 1840ರಿಂದ 1860ರವರೆಗೆ ಮೂಲನಿವಾಸಿಗಳಿಂದ ಸತ್ತ ವಲಸಿಗರು 362, ವಲಸಿಗರಿಂದ ಸತ್ತ ಮೂಲನಿವಾಸಿಗಳು 426 ಅಂತ ಇತಿಹಾಸಕಾರ ಜಾನ್ ಅನ್ರು ಲೆಕ್ಕ ಹಾಕಿದ್ದಾರೆ. ಕಾಲರಾ ಇದಕ್ಕಿಂತ ಎಷ್ಟೋ ಪಟ್ಟು ಜನರನ್ನು ಕೊಂದಿತು. 1852ರ ಡೈರಿಗಳಲ್ಲಿ ಹೆಂಗಸರು ದಿನಾ ಹೊಸ ಗೋರಿ ಎಣಿಸಿದ್ದಾರೆ. ನಮ್ಮ ಮಕ್ಕಳೂ ಅವರ ಜೊತೆ ಎಣಿಸಿದರು.

ಡೈರಿ ಬರೆದವರೆಲ್ಲ ವಲಸಿಗರು. ಹಾಗಾಗಿ ಆನ್‌ಲೈನಿನಲ್ಲಿ ಎಷ್ಟು ಹುಡುಕಿದರೂ ಒಂದೇ ಕಡೆಯ ಮಾತು ಜಾಸ್ತಿ. ಅದಕ್ಕೆ ನೋಟ್‌ಬುಕ್ಕಿನಲ್ಲಿ ಜಾಗದ ಹೆಸರಿನ ಕೆಳಗೆ "ಇದು ಯಾರ ನೆಲ" ಅಂತ ಇನ್ನೊಂದು ಸಾಲು ಸೇರಿಸಿದೆ. ಪೆಂಡಲ್‌ಟನ್ ಹತ್ತಿರ ಉಮಟಿಲ್ಲಾ ಬುಡಕಟ್ಟುಗಳೇ ನಡೆಸುವ ಟಮಾಸ್ಟ್ಸ್‌ಲಿಕ್ಟ್ ಅನ್ನುವ ವಸ್ತುಸಂಗ್ರಹಾಲಯ ಇದೆ. ಅಲ್ಲಿಗೆ ಕರೆದುಕೊಂಡು ಹೋದೆ. ಆ ಬುಡಕಟ್ಟುಗಳಲ್ಲಿ ಒಂದಾದ ಕೇಯೂಸ್ ಜನ ವಲಸಿಗರಿಗೆ ಕುದುರೆ ಮಾರಿದ್ದು, 1847ರಲ್ಲಿ ದಡಾರ ಬಂದು ಅವರ ಮಕ್ಕಳು ಸಾಲುಸಾಲಾಗಿ ಸತ್ತದ್ದು ಎಲ್ಲ ಅವರದೇ ಮಾತಲ್ಲಿ ಕೇಳಿದರು. ವಾಪಸ್ ಬರುವಾಗ ವ್ಯಾನಿನಲ್ಲಿ ಒಂದು ಗಂಟೆ ಯಾರೂ ಮಾತಾಡಲಿಲ್ಲ.

ಆಮೇಲೆ ಒಬ್ಬ ಹುಡುಗ ಕೇಳಿದ: "ಆಂಟಿ, ಆವಾಗ ನಾವು ಬಂದಿದ್ರೆ ನಮಗೂ ಜಾಗ ಕೊಡ್ತಿದ್ರಾ?"

ಇಲ್ಲ ಕಂದಾ ಅಂದೆ. ಸುಮ್ಮನೆ ಹೇಳಿದರೆ ಸಾಲದು ಅಂತ 1850ರ ಭೂಮಿ ಹಂಚುವ ಕಾನೂನಿನ ಮಾತನ್ನೇ ತೆರೆದು ತೋರಿಸಿದೆ. ಬಿಳಿಯರಿಗೆ, ತಂದೆ ತಾಯಿಯಲ್ಲಿ ಒಬ್ಬರು ಮೂಲನಿವಾಸಿ ಆಗಿದ್ದವರಿಗೆ 320 ಎಕರೆ, ಮದುವೆ ಆಗಿದ್ದರೆ ಗಂಡ ಹೆಂಡತಿಗೆ ಸೇರಿ 640. ಜಾರ್ಜ್ ಬುಷ್ ಅನ್ನುವ ಕಪ್ಪು ಮನುಷ್ಯ 1844ರಲ್ಲಿ ಇದೇ ದಾರಿಯಲ್ಲಿ ಬಂದವನು. ಅದೇ ವರ್ಷ ಕಪ್ಪು ಜನ ಇಲ್ಲಿ ಇರಬಾರದು ಅಂತ ಕಾನೂನು ಬಂತು. ಅವನು ಸಂಸಾರ ಕಟ್ಟಿಕೊಂಡು ಉತ್ತರಕ್ಕೆ, ಈಗಿನ ವಾಷಿಂಗ್ಟನ್ ಕಡೆಗೆ ಹೋದ. ಅವನ ಜಮೀನು ಅವನದೇ ಅಂತ 1855ರಲ್ಲಿ ಅಮೆರಿಕದ ಸಂಸತ್ತು ಬೇರೆ ಕಾಯ್ದೆಯನ್ನೇ ಮಾಡಬೇಕಾಯಿತು. ಆ ಹುಡುಗ ತನ್ನ ಡೈರಿ ಬಿಟ್ಟು ಬುಷ್‌ನನ್ನು ಹಿಡಿದ. ನನ್ನ ನಿಯಮ ಮುರಿದ, ನಾನು ಬಿಟ್ಟೆ.

ಮೂರನೇ ವರ್ಷದ ಖರ್ಚು ಹೇಳಿಬಿಡುತ್ತೇನೆ. ಹಳೆಯ ಕ್ರೋಮ್‌ಬುಕ್ ನಾಲ್ಕು, ತಲಾ 45 ಡಾಲರ್ ಇರಬೇಕು. ನೋಟ್‌ಬುಕ್, ಇಂಕು ಎಲ್ಲ ಸೇರಿ 50. ಪೆಂಡಲ್‌ಟನ್ ಪ್ರವಾಸ, ಒಂದು ರಾತ್ರಿ ಮೋಟೆಲ್, ವ್ಯಾನು ಸೇರಿ 900 ದಾಟಿತು. ಅದನ್ನು ಮನೆಗಳವರು ಹಂಚಿಕೊಂಡರು. ಒರೆಗಾನ್ ಸಿಟಿ, ಲಾರೆಲ್ ಹಿಲ್ ಎರಡಕ್ಕೂ ಪೆಟ್ರೋಲ್ ಅಷ್ಟೇ. ಲಾರೆಲ್ ಹಿಲ್‌ನಲ್ಲಿ ಗಾಡಿಗಳನ್ನು ಮರಕ್ಕೆ ಹಗ್ಗ ಸುತ್ತಿ ಕೆಳಗೆ ಬಿಡುತ್ತಿದ್ದ ಇಳಿಜಾರು ಹಾಗೇ ಇದೆ. 1846ರಲ್ಲಿ ಬಾರ್ಲೊ ಅನ್ನುವವನು ಆ ರಸ್ತೆ ಮಾಡಿ ಗಾಡಿಗೆ 5 ಡಾಲರ್ ಸುಂಕ ಇಟ್ಟಿದ್ದ. "ಇಷ್ಟು ಕೆಟ್ಟ ರಸ್ತೆಗೆ ಐದು ಡಾಲರಾ!" ಅಂತ ಮಕ್ಕಳಿಗೆ ಈಗಲೂ ಕೋಪ.

ಒಂಬತ್ತರಲ್ಲಿ ಏಳು ಮಕ್ಕಳು ಹಿಡಿದ ದಾರಿ ಮುಗಿಸಿದರು. ಬುಷ್‌ನ ಹುಡುಗ ಅರ್ಧದಲ್ಲಿ ಶುರು ಮಾಡಿದವನು, ಇನ್ನೊಬ್ಬಳು ದಾರಿಯ ನಡುವಿನ ಫೋರ್ಟ್ ಹಾಲ್‌ವರೆಗೆ ಬಂದಿದ್ದಳು. ಆದರೂ ಇಬ್ಬರೂ ಅವತ್ತು ಎದ್ದು ಮಾತಾಡಿದರು. ಯಾವ ಮಗುವಿಗೆ ಯಾರನ್ನು ಕೊಡುತ್ತೇನೆ ಅನ್ನೋದರಲ್ಲಿ ಒಂದು ಗುಟ್ಟಿದೆ. ಮೊದಲ ದಿನ ಒಂದು ಪ್ರಶ್ನೆ ಕೇಳಿ ಅದರ ಮೇಲೆ ತೀರ್ಮಾನ ಮಾಡುತ್ತೇನೆ. ಅದನ್ನು ಇಲ್ಲಿ ಬರೆಯಲ್ಲ, ನಿಜವಾಗಿ ಕ್ಲಾಸು ಶುರು ಮಾಡುವವರು ಎದುರಿಗೆ ಸಿಕ್ಕಾಗ ಕೇಳಿ. ಇನ್ನೊಂದನ್ನು ಬಿಟ್ಟುಕೊಡುತ್ತೇನೆ: ಕೊನೆಯ ಪುಟವನ್ನು ಮೊದಲೇ ತೋರಿಸಬೇಡಿ. ನಾನು ಅದನ್ನು ಪ್ರಿಂಟ್ ತೆಗೆದು ಕವರಿನಲ್ಲಿ ಹಾಕಿ ಅಂಟಿಸಿ ಇಡುತ್ತೇನೆ.

ಅಮೀಲಿಯಾಳ ಕವರನ್ನು ಏಪ್ರಿಲ್ ಕೊನೆಯಲ್ಲಿ ಅಜ್ಜನ ಮೊಮ್ಮಗಳು ಒಡೆದಳು. ಏಳು ಮಕ್ಕಳ ಜೊತೆ ಹೊರಟವಳು ಅಮೀಲಿಯಾ. ಒಂದು ದಿನ ಮಗಳು ಲೂಸಿ ಹಿಂದೆ ಉಳಿದದ್ದೇ ಗೊತ್ತಾಗದೆ ಮೈಲಿಗಟ್ಟಲೆ ಮುಂದೆ ಬಂದಿದ್ದರು. ಪುಟ್ಟ ಮಗ ಚಾಟ್‌ಫೀಲ್ಡ್ ಗಾಡಿಯಿಂದ ಬಿದ್ದು ಚಕ್ರದಿಂದ ಸ್ವಲ್ಪದರಲ್ಲಿ ಪಾರಾಗಿದ್ದ. ಇದೆಲ್ಲ ಹುಡುಗಿಗೆ ಬಾಯಿಪಾಠ. ಕೊನೆಯಲ್ಲಿ ಗಂಡ ಎರಡು ಜೋಡಿ ಎತ್ತು ಕೊಟ್ಟು ಜಮೀನು, ಕಿಟಕಿಯಿಲ್ಲದ ಒಂದು ಮರದ ಗುಡಿಸಲು, ಅರ್ಧ ಎಕರೆ ಆಲೂಗೆಡ್ಡೆ ತಗೊಳ್ಳುತ್ತಾನೆ. ಅದಕ್ಕೆ ಸ್ವಲ್ಪ ಮೊದಲು ಎಂಟನೇ ಮಗು ಹುಟ್ಟಿರುತ್ತದೆ.

ಹುಡುಗಿ ಎರಡು ಸಲ ಓದಿದಳು. "ಆಂಟಿ, ಈ ಪಾಪು ಎಲ್ಲಿಂದ ಬಂತು? ಅವಳು ಎಲ್ಲೂ ಬರೆದೇ ಇಲ್ಲ!"

ನಾನು ಏನೂ ಹೇಳಲಿಲ್ಲ. ಅವಳೇ ನೋಟ್‌ಬುಕ್ ಹಿಂದಕ್ಕೆ ತಿರುಗಿಸಿದಳು. "ಹುಷಾರಿಲ್ಲ" ಅಂತ ಅಮೀಲಿಯಾ ಬರೆದ ದಿನಗಳಿಗೆಲ್ಲ ಕೆಂಪು ಪೆನ್ನಲ್ಲಿ ಸುತ್ತು ಹಾಕಿದಳು. ಮಳೆಯಲ್ಲಿ ಅಡುಗೆ ಮಾಡಿದ ದಿನ, ಬೆಟ್ಟ ಹತ್ತಿದ ದಿನ. ಆಮೇಲೆ ಮನೆಗೆ ಹೋಗಿ ಮೊದಲಿಂದ ಮತ್ತೆ ಓದಲು ಶುರು ಮಾಡಿದಳಂತೆ. ಅವಳ ಅಮ್ಮ ರಾತ್ರಿ ಫೋನ್ ಮಾಡಿ ಹೇಳಿದರು.

ಈ ಸೆಪ್ಟೆಂಬರಿನಿಂದ ಹನ್ನೊಂದು ಮಕ್ಕಳು. ಅಜ್ಜ ಊರಿಗೆ ವಾಪಸ್ ಹೋಗಿದ್ದಾರೆ. ಕ್ಲಾಸನ್ನು ಶನಿವಾರ ಸಂಜೆ ಆರೂವರೆಗೆ ಬದಲಾಯಿಸಿದೆ, ಆಗ ಹಾಸನದಲ್ಲಿ ಭಾನುವಾರ ಬೆಳಿಗ್ಗೆ ಏಳು. ವಿಡಿಯೋ ಕಾಲಿನಲ್ಲಿ ಕಾಫಿ ಲೋಟ ಹಿಡಿದು ಬರುತ್ತಾರೆ. ಹೋದ ವಾರ ಒಂದು ಪದ ಯಾರಿಗೂ ಓದಲು ಆಗಲಿಲ್ಲ, ನನಗೂ ಆಗಲಿಲ್ಲ. ಅಜ್ಜ ಕನ್ನಡಕ ಒರೆಸಿಕೊಂಡು, "ಸ್ವಲ್ಪ ದೊಡ್ಡದು ಮಾಡಿ ಕಳಿಸ್ರಮ್ಮಾ, ಅದರ ಹಿಂದಿನ ದಿನ ಎಲ್ಲಿದ್ದರು ಅಂತಲೂ ಬರೆದು ಕಳಿಸಿ" ಅಂದರು.